ಗುಡಿಗಾರರ ಸೀಮೆಯಲ್ಲಿ ಗಣಕದ ಉಳಿ: ಹವ್ಯಾಸಿ ಸಿಎನ್‌ಸಿ ಯಂತ್ರಕ್ಕೆ ತಂತ್ರಾಂಶ ಕಲಿಯುವ ಬಗೆ

ಶಿರಾಳಕೊಪ್ಪ: ಶಿಕಾರಿಪುರದಿಂದ ಸೊರಬಕ್ಕೆ ಸಾಗುವ ಹಾದಿಯಲ್ಲಿರುವ ಈ ಪಟ್ಟಣದ ಆಸುಪಾಸಿನಲ್ಲಿ ಕೆತ್ತನೆ ಹೊಸ ವಿದ್ಯೆಯಲ್ಲ. ಸಮೀಪದ ತಾಳಗುಂದದಲ್ಲಿ 5ನೇ ಶತಮಾನದ ಕದಂಬರ ಸ್ತಂಭಶಾಸನವಿದೆ. ಅದನ್ನು ರಚಿಸಿದ ಕುಬ್ಜ ಕವಿ ತನ್ನ ಕಾವ್ಯವನ್ನು ತಾನೇ ಶಿಲೆಯ ಮೇಲೆ ಬರೆದುದಾಗಿ ಶಾಸನವೇ ಹೇಳುತ್ತದೆ. ಕೂಗಳತೆಯ ಬಳ್ಳಿಗಾವೆಯ ಶಿಲ್ಪಿ ದಾಸೋಜ ಮತ್ತು ಅವನ ಮಗ ಚಾವಣರ ಹೆಸರುಗಳು ಬೇಲೂರಿನ ಚೆನ್ನಕೇಶವ ದೇಗುಲದ ವಿಗ್ರಹಗಳ ಅಡಿಯಲ್ಲಿವೆ. ಬಳ್ಳಿಗಾವೆಯ ಕೇದಾರೇಶ್ವರ ದೇಗುಲದಲ್ಲಿ ಕಡೆದ ಕಂಬಗಳನ್ನು ಇಂದಿಗೂ ಕಾಣಬಹುದು. ಇನ್ನು ಸೊರಬ, ಸಾಗರಗಳ ಗುಡಿಗಾರರ ಶ್ರೀಗಂಧದ ಕುಸುರಿ ಕೆಲಸದ ಹೆಸರು ನಾಡಿನಾಚೆಗೂ ಹೋಗಿದೆ.

ಇಂತಹ ಸೀಮೆಗೆ ಈಗ ಗಣಕದ ಮಾತು ಕೇಳುವ ಉಳಿಯೂ ಬಂದಿದೆ. ಬಾಗಿಲು, ದೇವರ ಮಂಟಪ, ನಾಮಫಲಕ ಕೊರೆಯುವ ಸಿಎನ್‌ಸಿ ರೂಟರ್ ಯಂತ್ರಗಳು ರಾಜ್ಯದ ಚಿಕ್ಕ ಪಟ್ಟಣಗಳಲ್ಲೂ ಬೇರೂರಿವೆ. ದೊಡ್ಡ ಯಂತ್ರಕ್ಕೆ ಹಲವು ಲಕ್ಷ ರೂಪಾಯಿ ಬೇಕು. ಆದರೆ ಮೇಜಿನ ಮೇಲೆ ಕೂರುವ ಹವ್ಯಾಸಿ ಯಂತ್ರ ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆಗೆ ಬಿಡಿಭಾಗಗಳ ಪೆಟ್ಟಿಗೆಯಾಗಿ ಮನೆಗೇ ಬರುತ್ತದೆ. ಯಂತ್ರವನ್ನು ಜೋಡಿಸಲು ಒಂದು ಭಾನುವಾರ ಸಾಕು. ಅದರಿಂದ ಮಾರುವಂತಹ ಒಂದು ಫಲಕ ತೆಗೆಯಲು ತಿಂಗಳುಗಳೇ ಹಿಡಿಯಬಹುದು. ಎಡವುವುದು ಬಹುತೇಕ ತಂತ್ರಾಂಶದಲ್ಲಿ. ಸಾಲ ಮಾಡಿ ಯಂತ್ರ ತಂದು ಮೂಲೆಗೆ ಸರಿಸುವ ಮುನ್ನ ಈ ವಿಷಯವನ್ನು ತಿಳಿದಿರುವುದು ಮೇಲು.

ಮೂರು ಹಂತ, ಮೂರು ತಂತ್ರಾಂಶ

ಹೊಸಬರನ್ನು ಮೊದಲು ಗೊಂದಲಕ್ಕೆ ಕೆಡವುವುದು ತಂತ್ರಾಂಶಗಳ ಹೆಸರುಗಳ ಸಂತೆ. ವಾಸ್ತವದಲ್ಲಿ ಕೆಲಸಗಳು ಮೂರೇ. ಚಿತ್ರ ಬರೆಯುವುದು ಮೊದಲನೆಯದು; ಇದು ವಿನ್ಯಾಸ, ಅಂದರೆ ಕ್ಯಾಡ್. ಆ ಚಿತ್ರವನ್ನು ಯಾವ ಬಿಟ್‌ನಿಂದ, ಎಷ್ಟು ಆಳಕ್ಕೆ, ಯಾವ ವೇಗದಲ್ಲಿ, ಯಾವ ಹಾದಿ ಹಿಡಿದು ಕೊರೆಯಬೇಕೆಂದು ನಿರ್ಧರಿಸುವುದು ಎರಡನೆಯದು. ಇದು ಕ್ಯಾಮ್, ಇಲ್ಲಿ ಹುಟ್ಟುವುದೇ ಟೂಲ್‌ಪಾತ್, ಅಂದರೆ ಉಳಿ ಸಾಗುವ ಹಾದಿ. ಆ ಹಾದಿಯನ್ನು ಒಂದೊಂದೇ ಸಾಲಾಗಿ ಯಂತ್ರಕ್ಕೆ ಓದಿ ಹೇಳುವುದು ಮೂರನೆಯದು. ಕುಬ್ಜನಿಗೆ ಇವೆಲ್ಲ ಒಂದೇ ಕೈಯ ಕೆಲಸವಾಗಿತ್ತು.

ವಿನ್ಯಾಸಕ್ಕೆ ಉಚಿತವಾದ ಇಂಕ್‌ಸ್ಕೇಪ್ ಸಾಕು. ಘನಾಕೃತಿಗಳಿಗೆ ಫ್ರೀಕ್ಯಾಡ್ ಇದೆ. 2024ರ ನವೆಂಬರಿನಲ್ಲಿ ಬಂದ ಅದರ 1.0 ಆವೃತ್ತಿಯಲ್ಲಿ ಟೂಲ್‌ಪಾತ್ ವಿಭಾಗವನ್ನು ಕ್ಯಾಮ್ ಎಂದೇ ಕರೆಯಲಾಗಿದೆ. ಫ್ಯೂಷನ್ ತಂತ್ರಾಂಶದ ವೈಯಕ್ತಿಕ ಬಳಕೆಯ ಉಚಿತ ಪರವಾನಗಿಯೂ ಉಂಟು. ಆದರೆ 2020ರ ಅಕ್ಟೋಬರಿನಿಂದ ಅದರಲ್ಲಿ ಬಿಟ್‌ನ ಶೀಘ್ರ ಚಲನೆ ಮೊದಲಾದ ಸೌಲಭ್ಯಗಳನ್ನು ಮೊಟಕುಗೊಳಿಸಲಾಯಿತು. ಅಕ್ಷರ ಹಾಗೂ ಫಲಕದ ಕೆಲಸವೇ ಮುಖ್ಯವಾದವರಿಗೆ ಹಣ ಕೊಟ್ಟು ಕೊಳ್ಳುವ ವೆಕ್ಟ್ರಿಕ್ ಸಂಸ್ಥೆಯ ವಿಕಾರ್ವ್ ಅನುಕೂಲ. ಅದರಲ್ಲಿ ವಿನ್ಯಾಸ, ಟೂಲ್‌ಪಾತ್ ಎರಡೂ ಒಂದೇ ಕಡೆ ಸಿಗುತ್ತವೆ.

ಮರಗೆಲಸದವರ ಬಾಯಲ್ಲಿ ಇಂದಿಗೂ ಕೇಳಿಬರುವ ಹೆಸರು ಆರ್ಟ್‌ಕ್ಯಾಮ್. ಇಂಗ್ಲೆಂಡಿನ ಡೆಲ್‌ಕ್ಯಾಮ್ ಕಂಪನಿಯ ಈ ತಂತ್ರಾಂಶ 2014ರಲ್ಲಿ ಆಟೋಡೆಸ್ಕ್ ಪಾಲಾಗಿ, 2018ರಲ್ಲಿ ಮಾರಾಟ ನಿಂತಿತು. ಅದರ ಮುಂದುವರಿಕೆ ಈಗ ಕಾರ್ವ್‌ಕೋ ಎಂಬ ಹೆಸರಿನಲ್ಲಿದೆ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ದಾಟುವ ಹಳೆಯ ಪ್ರತಿಯಿಂದ ಕಲಿಯುವವರಿಗೆ ಒಂದು ಮಾತು: ಅದು ಕಾನೂನಿಗೆ ಹೊರತು ಎಂಬುದು ಒಂದು, ವೈರಸ್ ಹೊಕ್ಕು ಗಣಕ ನಿಂತ ದಿನ ವರ್ಷಗಟ್ಟಲೆ ಕೂಡಿಟ್ಟ ವಿನ್ಯಾಸಗಳೂ ಹೋಗುತ್ತವೆ ಎಂಬುದು ಇನ್ನೊಂದು.

ಯಂತ್ರಕ್ಕೆ ಆದೇಶ ರವಾನಿಸಲು ಕ್ಯಾಂಡಲ್, ಯೂನಿವರ್ಸಲ್ ಜಿ-ಕೋಡ್ ಸೆಂಡರ್ ಇವೆರಡೂ ಉಚಿತ. ಚಿಕ್ಕ ಯಂತ್ರಗಳ ಒಳಗೆ ಕುಳಿತು ಆದೇಶ ಪಾಲಿಸುವುದು ಬಹುತೇಕ ಗರ್ಬಲ್ ಎಂಬ ಮುಕ್ತ ತಂತ್ರಾಂಶ. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಆರಂಭಿಸಿದ ಇದು 32 ಕಿಲೋಬೈಟ್ ಸ್ಮರಣೆಯ ಆರ್ಡುಯಿನೋ ಫಲಕದಲ್ಲಿ ಹಿಡಿಸುತ್ತದೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪ್ರದರ್ಶಿಸಲಾದ ಮೊದಲ ಸಂಖ್ಯಾ ನಿಯಂತ್ರಿತ ಯಂತ್ರಕ್ಕೆ ಕೋಣೆ ತುಂಬುವಷ್ಟು ಉಪಕರಣ ಬೇಕಾಗಿತ್ತು.

ಊರಿನ ಹೆಸರೇ ಮೊದಲ ಪಾಠ

ಅಭ್ಯಾಸಕ್ಕೆ ‘ಶಿರಾಳಕೊಪ್ಪ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಹವ್ಯಾಸಿಗಳಲ್ಲಿ ಬಹಳ ಪ್ರಚಲಿತವಾದ 3018 ಮಾದರಿಯ ಯಂತ್ರದ ಕೆಲಸದ ಹರವು, ಹೆಸರೇ ಸೂಚಿಸುವಂತೆ, 300 ಮತ್ತು 180 ಮಿ.ಮೀ. ಅಂಚು ಬಿಟ್ಟು 280 ಮಿ.ಮೀ. ಅಗಲದ ಫಲಕವೆಂದರೆ ಐದು ಅಕ್ಷರಗಳಲ್ಲಿ ಒಂದೊಂದಕ್ಕೆ ಸರಾಸರಿ 56 ಮಿ.ಮೀ. ದೊರೆಯುತ್ತದೆ.

ಇಂಗ್ಲಿಷ್ ಅಕ್ಷರಗಳನ್ನು ಮುಂದಿಟ್ಟು ಬರೆದ ಕೈಪಿಡಿಗಳು ಹೇಳದ ತೊಡಕು ಇಲ್ಲಿಂದಲೇ ಆರಂಭ. ನುಡಿಯಂತಹ ಹಳೆಯ ಸಂಕೇತದ ಅಕ್ಷರಶೈಲಿಗಳಲ್ಲಿ ಕನ್ನಡದ ಅಕ್ಷರ ಇಡಿಯಾಗಿ ಇರುವುದಿಲ್ಲ; ತುಂಡುಗಳ ಜೋಡಣೆಯಾಗಿರುತ್ತದೆ. ‘ಕೊ’ ಎಂಬುದಕ್ಕೆ ಮೂರು ತುಂಡು, ‘ಪ್ಪ’ ಎಂಬುದಕ್ಕೂ ಮೂರು. ಐದು ಅಕ್ಷರಗಳ ‘ಶಿರಾಳಕೊಪ್ಪ’ ನುಡಿಯಲ್ಲಿ 11 ತುಂಡುಗಳಾಗುತ್ತದೆ. ಕಾಗದದ ಮೇಲೆ ಮುದ್ರಿಸಿದಾಗ ಒಂದರ ಮೇಲೊಂದು ಕುಳಿತ ತುಂಡುಗಳ ಬೆಸುಗೆ ಕಾಣದು, ಎಲ್ಲವೂ ಕಪ್ಪು. ಆದರೆ ಟೂಲ್‌ಪಾತ್ ತಂತ್ರಾಂಶ ಮಸಿಯನ್ನು ಕಾಣುವುದಿಲ್ಲ, ಅಂಚನ್ನು ಮಾತ್ರ ಕಾಣುತ್ತದೆ. ತಲೆಕಟ್ಟು ಅಕ್ಷರಕ್ಕೆ ಸೇರುವಲ್ಲಿ ಎರಡು ಅಂಚುಗಳು ಒಂದನ್ನೊಂದು ದಾಟಿರುತ್ತವೆ. ಬಿಟ್ ಆ ಎರಡನ್ನೂ ನಿಷ್ಠೆಯಿಂದ ಕೊರೆದು ಅಕ್ಷರದ ಮೈಯಲ್ಲೇ ಗೀರು ಎಳೆಯುತ್ತದೆ.

ಯೂನಿಕೋಡ್ ಅಕ್ಷರಶೈಲಿ ಬಳಸಿದರೆ ಬೆರಳಚ್ಚು ಹಾಗೂ ಹುಡುಕಾಟ ಸುಲಭವಾಗುತ್ತದೆ, ನಿಜ. ಆದರೆ ಅವುಗಳಲ್ಲಿಯೂ ಒತ್ತಕ್ಷರ, ಸ್ವರಚಿಹ್ನೆಗಳು ಪ್ರತ್ಯೇಕ ಆಕೃತಿಗಳಾಗಿ ಬಂದು ಮೇಲೆ ಕೂರುವುದುಂಟು. ಪರಿಹಾರ ಎರಡಕ್ಕೂ ಒಂದೇ. ಇಂಕ್‌ಸ್ಕೇಪಿನಲ್ಲಿ ಪದವನ್ನು ಬರೆದ ಬಳಿಕ ‘ಆಬ್ಜೆಕ್ಟ್ ಟು ಪಾತ್’ ಆದೇಶದಿಂದ ಅದನ್ನು ರೇಖೆಗಳನ್ನಾಗಿ ಪರಿವರ್ತಿಸಬೇಕು, ಗುಂಪನ್ನು ಬಿಡಿಸಬೇಕು, ಎಲ್ಲವನ್ನೂ ಆರಿಸಿ ‘ಯೂನಿಯನ್’ ಆದೇಶದಿಂದ ಒಂದುಗೂಡಿಸಬೇಕು. ಅನಂತರ ಬಣ್ಣ ತೆಗೆದು ಬರೀ ಅಂಚುಗೆರೆಯನ್ನು ನೋಡಬೇಕು. ಅಕ್ಷರದ ಒಳಗೆ ಒಂದೇ ಒಂದು ಅಡ್ಡಗೆರೆ ಉಳಿದಿದ್ದರೂ ಮುಂದಿನ ಹಂತಕ್ಕೆ ಹೋಗಲಾಗದು. ಇದಕ್ಕೆ ಎರಡು ನಿಮಿಷ ಸಾಕು; ತಪ್ಪಿದರೆ ಹಲಗೆ ಹಾಳು.

ಶೈಲಿಯ ಆಯ್ಕೆಯೂ ಮುಖ್ಯ. ಬಾಲೂ ತಮ್ಮದಂತಹ ದಪ್ಪ, ದುಂಡನೆಯ ಶೈಲಿ ಕೊರೆತಕ್ಕೆ ಒಗ್ಗುತ್ತದೆ. ತೆಳು-ದಪ್ಪಗಳ ಏರಿಳಿತವಿರುವ ತಿರೋ ಕನ್ನಡ ಪುಸ್ತಕದಲ್ಲಿ ಸೊಗಸು, ಚಿಕ್ಕ ಫಲಕದಲ್ಲಿ ಅದರ ತೆಳುಗೆರೆ ಮುರಿಯುತ್ತದೆ. ಒಂದು ಸಮಾಧಾನವೆಂದರೆ ತಿರುಗುವ ಬಿಟ್‌ಗೆ ಒಳಮೂಲೆಯನ್ನು ಚೂಪಾಗಿ ಕೊರೆಯುವುದು ಸಾಧ್ಯವಿಲ್ಲ, ಅದು ಸದಾ ತನ್ನ ತ್ರಿಜ್ಯದಷ್ಟು ದುಂಡಗಾಗುತ್ತದೆ. ಹಾಗಾಗಿ ಮೂಲೆಗಳೇ ತುಂಬಿರುವ ಇಂಗ್ಲಿಷಿನ ದೊಡ್ಡಕ್ಷರಗಳಿಗಿಂತ ಗುಂಡಗಿನ ಕನ್ನಡವೇ ಈ ಯಂತ್ರಕ್ಕೆ ಹೇಳಿ ಮಾಡಿಸಿದ ಲಿಪಿ.

ಅದೇ ಪದವನ್ನು ಮನೆಯ ಬಾಗಿಲಿಗೆಂದು 150 ಮಿ.ಮೀ.ಗೆ ಕುಗ್ಗಿಸಿದರೆ? ಪ್ರತಿ ಅಕ್ಷರಕ್ಕೆ 30 ಮಿ.ಮೀ. ಮಾತ್ರ. ಮೂಲಾಕ್ಷರಕ್ಕೂ ಅದರ ಅಡಿಯ ಒತ್ತಿಗೂ ನಡುವಿನ ಸಂದು ಎರಡು ಮಿ.ಮೀ.ಗಿಂತ ಕಿರಿದಾಗಬಹುದು. 3.175 ಮಿ.ಮೀ. ಬಿಟ್ ಅಲ್ಲಿಗೆ ನುಗ್ಗದು. ತಂತ್ರಾಂಶ ದೂರು ಹೇಳದೆ ಆ ಜಾಗವನ್ನು ಬಿಟ್ಟು ಮುಂದೆ ಹೋಗುತ್ತದೆ. ಒತ್ತು ಮೈಗೆ ಅಂಟಿಕೊಂಡು ಉಬ್ಬಾಗುತ್ತದೆ, ‘ಕೊಪ್ಪ’ ಓದಲಾಗದ ಗೆಡ್ಡೆಯಾಗುತ್ತದೆ. ಒತ್ತನ್ನು ಕೈಯಿಂದ ತುಸು ಕೆಳಗೆ ಸರಿಸುವುದು ಅಥವಾ 1 ಮಿ.ಮೀ. ಬಿಟ್‌ನಿಂದ ಎರಡನೆಯ ಸುತ್ತು ಕೊರೆಯುವುದು ಇದಕ್ಕಿರುವ ದಾರಿಗಳು.

ಅಳತೆಯ ಮೋಸ

ಇಂಕ್‌ಸ್ಕೇಪಿನ ಹಳೆಯ ಆವೃತ್ತಿಗಳು ಒಂದು ಅಂಗುಲಕ್ಕೆ 90 ಬಿಂದುಗಳ ಲೆಕ್ಕ ಹಿಡಿಯುತ್ತಿದ್ದವು, 2017ರ 0.92 ಆವೃತ್ತಿಯಿಂದ ಅದು 96 ಆಯಿತು. ಹಳೆಯ ಕಡತವನ್ನು ಹೊಸ ತಂತ್ರಾಂಶದಲ್ಲಿ ತೆರೆದಾಗ ಅಳತೆ ಶೇಕಡಾ 6ರಿಂದ 7ರಷ್ಟು ಏರುಪೇರಾಗುವ ಸಂಭವ ಇದರಿಂದಲೇ. ಬಾಗಿಲ ಚೌಕಟ್ಟಿಗೆ ಕೂರಬೇಕಾದ ಹಲಗೆಗೆ ಇಷ್ಟು ವ್ಯತ್ಯಾಸ ಬಹಳ. ಡಿಎಕ್ಸ್‌ಎಫ್ ಕಡತಗಳಲ್ಲಿ ಅಂಗುಲ, ಮಿ.ಮೀ. ಅದಲುಬದಲಾದರೆ ಚಿತ್ರ 25.4 ಪಟ್ಟು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ; ಅದು ಕಣ್ಣಿಗೆ ಕೂಡಲೇ ಬೀಳುವುದರಿಂದ ಅಷ್ಟು ಅಪಾಯಕಾರಿಯಲ್ಲ. ವಿನ್ಯಾಸದ ಮೂಲೆಯಲ್ಲಿ 50 ಮಿ.ಮೀ.ನ ಒಂದು ಚೌಕ ಬರೆದಿಟ್ಟು, ಪ್ರತಿ ತಂತ್ರಾಂಶ ದಾಟಿದಾಗಲೂ ಅದನ್ನು ಅಳೆಯುವುದು ಒಳ್ಳೆಯ ರೂಢಿ.

ಯಂತ್ರದ ಲೆಕ್ಕ ಬೇರೆ. ಸ್ಟೆಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಚಾಲಕ ಫಲಕ ಪ್ರತಿ ಹೆಜ್ಜೆಯನ್ನು 16 ಭಾಗ ಮಾಡುತ್ತದೆ. ಸುತ್ತಿಗೆ 4 ಮಿ.ಮೀ. ಮುಂದೆ ಹೋಗುವ ತಿರುಪು ದಂಡವಿದ್ದರೆ ಪ್ರತಿ ಮಿ.ಮೀ.ಗೆ 800 ಹೆಜ್ಜೆ. ಗರ್ಬಲ್‌ನಲ್ಲಿ ಈ ಸಂಖ್ಯೆ ಸರಿಯಾಗಿದೆಯೇ ಎಂದು ನೋಡದೆ ತಂತ್ರಾಂಶವನ್ನು ದೂರುವವರು ಬಹಳ.

ಗೆರೆಯ ಒಳಗೋ, ಹೊರಗೋ

ಟೂಲ್‌ಪಾತ್ ಹಂತದಲ್ಲಿ ತಂತ್ರಾಂಶ ಕೇಳುವ ಮೊದಲ ಪ್ರಶ್ನೆ ಬಿಟ್ ಗೆರೆಯ ಹೊರಗೆ ಹೋಗಬೇಕೋ, ಒಳಗೋ, ಗೆರೆಯ ಮೇಲೆಯೋ ಎಂಬುದು. ಅಕ್ಷರಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ತೆಗೆಯುವಾಗ ಹೊರಗೆ ಎಂದು ಆರಿಸಬೇಕು. ಆಗ ಬಿಟ್‌ನ ಕೇಂದ್ರ ಗೆರೆಯಿಂದ ಅರ್ಧ ವ್ಯಾಸದಷ್ಟು, ಅಂದರೆ 1.5875 ಮಿ.ಮೀ. ದೂರ ಸರಿದು ನಡೆಯುತ್ತದೆ. ಮರೆತು ಗೆರೆಯ ಮೇಲೆ ಎಂದು ಬಿಟ್ಟರೆ 6 ಮಿ.ಮೀ. ದಪ್ಪದ ಅಕ್ಷರಗೆರೆ 2.825 ಮಿ.ಮೀ.ಗೆ ಇಳಿಯುತ್ತದೆ. ‘ರ’ ಅಕ್ಷರದ ಹೊಟ್ಟೆಯ ಸುತ್ತನ್ನು ಮೊದಲು ಕೊರೆದು, ಹೊರಸುತ್ತನ್ನು ಕೊನೆಗಿಡಬೇಕು. ಮೊದಲೇ ಹೊರಸುತ್ತು ಕತ್ತರಿಸಿದರೆ ತುಂಡು ಸಡಿಲಗೊಂಡು, ಒಳಗಿನ ಕೊರೆತದ ವೇಳೆಗೆ ಹಾರಿ ಬಿಟ್ ಮುರಿಯುತ್ತದೆ. ಅದಕ್ಕೆಂದೇ ಟ್ಯಾಬ್ ಎಂಬ ಸಣ್ಣ ಸೇತುವೆಗಳನ್ನು ಬಿಡುವ ಪದ್ಧತಿ ಇದೆ.

ವೇಗದ ಲೆಕ್ಕ ಸರಳ ಗುಣಾಕಾರ. ನಿಮಿಷಕ್ಕೆ 10,000 ಸುತ್ತು, ಎರಡು ಅಲಗು, ಪ್ರತಿ ಅಲಗು ತೆಗೆಯುವ ಚಕ್ಕೆ 0.025 ಮಿ.ಮೀ. ಎಂದಾದರೆ ನಿಮಿಷಕ್ಕೆ 500 ಮಿ.ಮೀ. ಚಿಕ್ಕ ಯಂತ್ರದಲ್ಲಿ ಸಾಗುವಾನಿಗೆ ಇದು ಆರಂಭದ ಅಂಕಿ. ಒಂದು ಸಲಕ್ಕೆ ಅರ್ಧದಿಂದ ಒಂದು ಮಿ.ಮೀ. ಆಳ. ಭಯದಿಂದ ವೇಗವನ್ನು ತೀರ ತಗ್ಗಿಸುವವರಿದ್ದಾರೆ. ಆಗ ಅಲಗು ಮರವನ್ನು ಕತ್ತರಿಸದೆ ಉಜ್ಜತೊಡಗುತ್ತದೆ. ಮರ ಕರಕಾಗುತ್ತದೆ, ಬಿಟ್ ಮೊಂಡಾಗುತ್ತದೆ. ಚಕ್ಕೆ ಬರಬೇಕು, ಹಿಟ್ಟು ಬರಬಾರದು ಎಂಬ ಬಡಗಿಯ ಅಳತೆಗೋಲು ಇಲ್ಲಿಯೂ ಸಲ್ಲುತ್ತದೆ.

ನಾಮಫಲಕಕ್ಕೆ ಹೆಚ್ಚು ಒಪ್ಪುವುದು ವಿ-ಬಿಟ್. ಗೆರೆ ಅಗಲವಾದಲ್ಲಿ ಆಳಕ್ಕೆ ಇಳಿದು, ಕಿರಿದಾದಲ್ಲಿ ಮೇಲೆದ್ದು, ತುದಿಯನ್ನು ಚೂಪಾಗಿ ಮುಗಿಸುತ್ತದೆ. ಗುಡಿಗಾರರ ಉಳಿಯ ಗತಿಗೆ ಯಂತ್ರ ಅತಿ ಸಮೀಪ ಬರುವುದು ಈ ವಿಧಾನದಲ್ಲಿಯೇ. ಆದರೆ ಅಕ್ಷರಗೆರೆ 8 ಮಿ.ಮೀ. ಅಗಲವಿದ್ದು 60 ಡಿಗ್ರಿಯ ಬಿಟ್ ಆರಿಸಿದರೆ ಆಳ 6.9 ಮಿ.ಮೀ. ಆಗುತ್ತದೆ, ಹಲಗೆಯ ದಪ್ಪ 6 ಮಿ.ಮೀ. ಇದ್ದರೆ ತೂತು ಖಚಿತ. 90 ಡಿಗ್ರಿಯ ಬಿಟ್‌ಗೆ ಅದೇ ಗೆರೆಗೆ 4 ಮಿ.ಮೀ. ಸಾಕು. ಗರಿಷ್ಠ ಆಳ ಇಂತಿಷ್ಟೇ ಎಂದು ನಮೂದಿಸುವ ಅವಕಾಶವೂ ಇದೆ. ಆಗ ನಡುವಿನ ತಳ ಸಮತಟ್ಟಾಗಿ ಉಳಿಯುವುದರಿಂದ ಆ ಭಾಗವನ್ನು ಚಪ್ಪಟೆ ಬಿಟ್‌ನಿಂದ ತೆಗೆಯಬೇಕಾಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಹಲಗೆ ಅರ್ಧ ಮಿ.ಮೀ. ಬಾಗುವುದು ದೊಡ್ಡ ಮಾತಲ್ಲ. 60 ಡಿಗ್ರಿಯ ಬಿಟ್‌ನಲ್ಲಿ ಅಷ್ಟು ಬಾಗಿದರೆ ಗೆರೆಯ ಅಗಲ ಒಂದು ಕಡೆಯಿಂದ ಇನ್ನೊಂದು ಕಡೆಗೆ 0.58 ಮಿ.ಮೀ. ಬದಲಾಗುತ್ತದೆ. ಹಲಗೆಯ ಮೈಯನ್ನು ಮೊದಲು ಸಪಾಟುಗೊಳಿಸುವ ಒಂದು ಟೂಲ್‌ಪಾತ್ ಬರೆದಿಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ಉಬ್ಬುಶಿಲ್ಪದ ಆಸೆ

ಗಣಪತಿ, ಲಕ್ಷ್ಮಿಯರ ಉಬ್ಬುಚಿತ್ರ ಕೊರೆಯುವುದು ಎಲ್ಲರ ಆಸೆ. ಇದಕ್ಕೆ ಎರಡು ಸುತ್ತು ಬೇಕು: ದಪ್ಪ ಬಿಟ್‌ನಿಂದ ಒರಟು ಕೊರೆತ, ಗುಂಡುತುದಿಯ ಬಿಟ್‌ನಿಂದ ನಯಗೆಲಸ. ನಯಗೆಲಸದಲ್ಲಿ ಸಾಲಿಂದ ಸಾಲಿಗೆ 0.3 ಮಿ.ಮೀ. ಅಂತರವಿಟ್ಟು 300×180 ಮಿ.ಮೀ. ಹಲಗೆಯನ್ನು ಮುಗಿಸಲು 600 ಸಾಲು, ಒಟ್ಟು 180 ಮೀಟರ್ ಓಟ. ನಿಮಿಷಕ್ಕೆ ಒಂದು ಮೀಟರ್ ಓಡಿದರೂ ಮೂರು ಗಂಟೆ. ಅಂತರವನ್ನು 0.15ಕ್ಕೆ ಇಳಿಸಿದರೆ ಆರು ಗಂಟೆ. ಆದರೆ 3 ಮಿ.ಮೀ. ಗುಂಡುಬಿಟ್‌ನಲ್ಲಿ 0.3 ಅಂತರ ಉಳಿಸುವ ಏಣು ಮಿ.ಮೀ.ನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಉಜ್ಜುಕಾಗದದ ಒಂದೆರಡು ಎಳೆತಕ್ಕೆ ಹೋಗುತ್ತದೆ. ಇನ್ನೂ ಮೂರು ಗಂಟೆ ಯಂತ್ರ ಓಡಿಸಬೇಕೇ ಎಂಬುದನ್ನು ದುಡಿಮೆಯ ಲೆಕ್ಕ ಹಾಕುವವರು ಯೋಚಿಸಬೇಕು.

ಫೋಟೋವನ್ನೇ ಉಬ್ಬುಶಿಲ್ಪವಾಗಿಸುವ ಗುಂಡಿಗೆ ಮಾರುಹೋಗುವುದು ಬೇಡ. ಆ ತಂತ್ರ ಬಿಳುಪನ್ನು ಎತ್ತರವೆಂದೂ ಕಪ್ಪನ್ನು ತಗ್ಗೆಂದೂ ಭಾವಿಸುತ್ತದೆ. ಅಜ್ಜನ ಭಾವಚಿತ್ರ ಹಾಕಿದರೆ ಅವರ ಮೀಸೆ ಹೊಂಡವಾಗಿ, ಬಿಳಿಯ ಅಂಗಿ ಮೂಗಿಗಿಂತ ಮುಂದೆ ಬರುತ್ತದೆ. ನಿಜವಾದ ಉಬ್ಬಿಗೆ ಬ್ಲೆಂಡರ್‌ನಂತಹ ತಂತ್ರಾಂಶದಲ್ಲಿ ಆಕೃತಿಯನ್ನೇ ಮಿದ್ದಬೇಕು. ಅದನ್ನು ಬೇಗ ಕಲಿಯಬಲ್ಲವರು ಕೈಯಲ್ಲಿ ಉಳಿ ಹಿಡಿದು ಬಲ್ಲವರೇ. ಯಾವ ಮೈ ಎಲ್ಲಿ ತಗ್ಗಬೇಕು, ಬೆರಳಿನ ನಡುವೆ ಎಷ್ಟು ಕತ್ತಲೆ ಬೇಕು ಎಂಬುದು ತಂತ್ರಾಂಶದ ಪಟ್ಟಿಯಲ್ಲಿ ಇಲ್ಲ. ಬಿಟ್ ತಲುಪದ ಒಳಮೂಲೆಗಳನ್ನು ಬಿಡಿಸಲು ಕೊನೆಗೂ ಉಳಿಯೇ ಬೇಕು. ಯಂತ್ರದ ಕೊರೆತವನ್ನು ಕೈಕೆತ್ತನೆಯೆಂದು ಮಾರುವುದರಿಂದ ಸೊರಬ, ಸಾಗರದ ಕುಶಲಕರ್ಮಿಗಳಿಗೆ ಬೀಳುವ ಪೆಟ್ಟು ಸಣ್ಣದಲ್ಲ. ಒರಟು ಕೆಲಸವನ್ನು ಯಂತ್ರಕ್ಕೆ ಬಿಟ್ಟು, ಮುಖ ಮತ್ತು ಬೆರಳುಗಳನ್ನು ಕೈಯಲ್ಲಿ ಮುಗಿಸಿ, ಹಾಗೆಂದು ಗಿರಾಕಿಗೆ ತಿಳಿಸುವುದರಲ್ಲಿ ಅಗೌರವವೇನೂ ಇಲ್ಲ.

ಮರದ ಮಾತು: ಕಲಿಕೆಗೆ ಶಿವನೆ, ಹಲಸು, ಎಂಡಿಎಫ್ ಹಲಗೆ ಆದೀತು. ಎಂಡಿಎಫ್ ಪುಡಿಯಲ್ಲಿ ಅಂಟಿನ ರಾಸಾಯನಿಕವಿರುವುದರಿಂದ ಮುಖಗವಸು ಕಡ್ಡಾಯ. ಶ್ರೀಗಂಧದ ಗೊಡವೆ ಬೇಡ. 2001ರ ತಿದ್ದುಪಡಿಯಿಂದ ಜಮೀನಿನಲ್ಲಿ ಬೆಳೆದ ಗಂಧದ ಮರಕ್ಕೆ ಜಮೀನಿನ ಒಡೆಯನೇ ಒಡೆಯನಾದರೂ ಕಡಿಯಲು, ಸಾಗಿಸಲು, ಮಾರಲು ನಿಯಮಗಳಿವೆ. ಅಲ್ಲದೆ ತೂಕಕ್ಕೆ ಬೆಲೆ ಕಟ್ಟುವ ಮರವನ್ನು ಈ ಯಂತ್ರ ಬಹುಪಾಲು ಪುಡಿ ಮಾಡುತ್ತದೆ.

ಗುಂಡಿ ಒತ್ತುವ ಮುನ್ನ

ಟೂಲ್‌ಪಾತ್ ಕೊನೆಗೆ ಜಿ-ಕೋಡ್ ಎಂಬ ಬರಹವಾಗಿ ಹೊರಬರುತ್ತದೆ. ಇದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದುವ ಧೈರ್ಯ ಮಾಡಬೇಕು. ಜಿ21 ಎಂದರೆ ಅಳತೆ ಮಿ.ಮೀ.ನಲ್ಲಿ, ಜಿ90 ಎಂದರೆ ಎಲ್ಲ ದೂರವೂ ಮೂಲಬಿಂದುವಿನಿಂದ, ಎಂ3 ಎಂದರೆ ಸ್ಪಿಂಡಲ್ ತಿರುಗಲಿ, ಜಿ0 ಶೀಘ್ರ ಚಲನೆ, ಜಿ1 ಕೊರೆಯುವ ಚಲನೆ, ಝಡ್ ಮುಂದೆ ಋಣಚಿಹ್ನೆ ಇದ್ದರೆ ಮರದೊಳಗೆ. ಝಡ್ ಸಂಖ್ಯೆ ಹಲಗೆಯ ಮೇಲಿರುವಾಗಲೇ ಜಿ0 ಓಡಬೇಕು. ಋಣ ಆಳದಲ್ಲಿ ಜಿ0 ಕಂಡುಬಂದರೆ ಕಡತವನ್ನು ತಿದ್ದದೆ ಓಡಿಸಕೂಡದು. ಪ್ರತಿ ನಿಯಂತ್ರಕಕ್ಕೂ ತುಸು ಬೇರೆ ಒಕ್ಕಣೆ ಬೇಕಾದುದರಿಂದ ಪೋಸ್ಟ್ ಪ್ರೊಸೆಸರ್ ಪಟ್ಟಿಯಲ್ಲಿ ಗರ್ಬಲ್, ಮಿ.ಮೀ. ಎಂಬುದನ್ನೇ ಆರಿಸಬೇಕು. ಕ್ಯಾಮೋಟಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಕೊರೆತವನ್ನು ಪರದೆಯ ಮೇಲೆ ನೋಡಿ, ಬಳಿಕ ಬಿಟ್ ಅನ್ನು ಹಲಗೆಯಿಂದ 10 ಮಿ.ಮೀ. ಮೇಲೆತ್ತಿ ಗಾಳಿಯಲ್ಲಿ ಒಮ್ಮೆ ಓಡಿಸಿದರೆ ಕ್ಲಾಂಪ್‌ಗೆ ಡಿಕ್ಕಿ ಹೊಡೆಯುವ ತಪ್ಪುಗಳು ಸಿಕ್ಕಿಬೀಳುತ್ತವೆ.

ಕಲಿಸುವವರು ಎಲ್ಲಿದ್ದಾರೆ? ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆ ಶಿವಮೊಗ್ಗದಲ್ಲಿದೆ. 2022ರ ಜೂನ್‌ನಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ ಉದ್ಘಾಟಿಸಲಾಯಿತು. ಇಂತಹ ಕಡೆ ಕಲಿಯುವುದು ಹೆಚ್ಚಾಗಿ ಲೋಹದ ಕೆಲಸವಾದರೂ ಜಿ-ಕೋಡ್ ಒಂದೇ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಶಿಲ್ಪಿ ಎರಡೂ ಸೇರಿವೆ. ಉಪಕರಣಕ್ಕೆ 15,000 ರೂ. ಪ್ರೋತ್ಸಾಹಧನ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂ.ವರೆಗೆ ಸಾಲದ ಏರ್ಪಾಡು ಅದರದು. ಕೈ ಮತ್ತು ಕೈಉಪಕರಣಗಳಿಂದ ದುಡಿಯುವವರಿಗೆಂದು ರೂಪಿಸಿದ ಯೋಜನೆ ಇದಾದ್ದರಿಂದ ಯಂತ್ರಕ್ಕೆ ಹಣ ಎಂದು ಮೊದಲೇ ಮನಸ್ಸಿನಲ್ಲಿ ಲೆಕ್ಕ ಹಾಕಬಾರದು. ನಮ್ಮ ಅಭಿಪ್ರಾಯದಲ್ಲಿ ಯಂತ್ರಕ್ಕೆ ಮುಂಗಡ ಕೊಡುವ ಮುನ್ನ ಎರಡು ತಿಂಗಳು ಬರೀ ಗಣಕದಲ್ಲಿ ವಿನ್ಯಾಸ, ಟೂಲ್‌ಪಾತ್, ಪರದೆಯ ಕೊರೆತ ಇಷ್ಟನ್ನೇ ಮಾಡಬೇಕು. ಇದಕ್ಕೆ ಖರ್ಚಿಲ್ಲ.

ಕೊನೆಯದಾಗಿ ವಿದ್ಯುತ್ತಿನ ವಿಷಯ. ನಾಲ್ಕು ಗಂಟೆಯ ಕೊರೆತದ ನಡುವೆ ದೀಪ ಆರಿದರೆ ಯಂತ್ರಕ್ಕೆ ತಾನೆಲ್ಲಿದ್ದೆ ಎಂಬುದೇ ಮರೆತುಹೋಗುತ್ತದೆ. ಹೋಮಿಂಗ್ ಸ್ವಿಚ್ ಇರುವ ಯಂತ್ರವಾದರೆ ಮನೆಗೆ ಮರಳಿ, ಗರ್ಬಲ್ ನೆನಪಿಟ್ಟ ಮೂಲಬಿಂದುವನ್ನು ಮತ್ತೆ ಹಿಡಿಯಬಹುದು. ಅದಿಲ್ಲದವರು ಕೆಲಸಕ್ಕೆ ಮುನ್ನವೇ ಹಲಗೆಯ ಹೊರಗೆ, ಮೂಲಬಿಂದುವಿನ ಸ್ಥಾನದಲ್ಲಿ ಒಂದು ಸಣ್ಣ ರಂಧ್ರ ಕೊರೆದಿಟ್ಟುಕೊಳ್ಳಬೇಕು. ವಿದ್ಯುತ್ ಬಂದ ಮೇಲೆ ಬಿಟ್‌ನ ತುದಿಯನ್ನು ಆ ರಂಧ್ರಕ್ಕೆ ಕೂರಿಸಿ ಎಕ್ಸ್, ವೈ ಸೊನ್ನೆ ಮಾಡಿ, ಹಲಗೆಯ ಕೊರೆಯದ ಭಾಗದ ಮೇಲೆ ತೆಳುಕಾಗದವಿಟ್ಟು ಝಡ್ ಸೊನ್ನೆ ಹಿಡಿದು, ಕಡತದಲ್ಲಿ ನಿಂತ ಸಾಲಿಗಿಂತ ಒಂದಷ್ಟು ಹಿಂದಿನ ಸಾಲಿನಿಂದ ಓಡಿಸಬೇಕು. ಆ ಸಾಲಿನ ಮುಂದೆ ಜಿ21, ಜಿ90, ವೇಗ ಮತ್ತು ಎಂ3 ಆದೇಶಗಳನ್ನು ಮತ್ತೊಮ್ಮೆ ಬರೆಯುವುದನ್ನು ಮರೆತರೆ, ತಿರುಗದ ಬಿಟ್ ನೇರವಾಗಿ ಮರಕ್ಕೆ ಇಳಿಯುತ್ತದೆ.